ಟೊಮೆಟೊ, ನೂಡಲ್ಸ್ ಮತ್ತು ಮಾಯವಾದ ಪೋಸ್ಟುಗಳು

2012ರಲ್ಲಿ ಚೀನಾದ ಜನ ಇದ್ದಕ್ಕಿದ್ದಂತೆ ಅಂತರ್ಜಾಲದಲ್ಲಿ ಟೊಮೆಟೊ ಬಗ್ಗೆ ಬರೆಯತೊಡಗಿದರು. ಅಡುಗೆಯ ವಿಷಯವಲ್ಲ. ಚೀನೀ ಭಾಷೆಯಲ್ಲಿ ಟೊಮೆಟೊಗೆ 'ಶಿಹೋಂಗ್‌ಶಿ' ಎನ್ನುತ್ತಾರೆ. ಕೊನೆಯ ಅಕ್ಷರವನ್ನು ಅದೇ ಉಚ್ಚಾರಣೆಯ ಬೇರೊಂದು ಚಿಹ್ನೆಯಲ್ಲಿ ಬರೆದರೆ 'ಪಶ್ಚಿಮದ ಕೆಂಪು ನಗರ' ಎಂದಾಗುತ್ತದೆ. ಆ ನಗರ ಚೋಂಗ್‌ಚಿಂಗ್. ಅಲ್ಲಿ ಮಾವೋ ಕಾಲದ 'ಕೆಂಪು ಹಾಡು'ಗಳನ್ನು ಹಾಡಿಸುತ್ತಿದ್ದ ಪಕ್ಷದ ಮುಖ್ಯಸ್ಥ ಬೋ ಶಿಲಾಯ್. ನೇರವಾಗಿ ಅವನ ಹೆಸರು ಬರೆದರೆ ಸೆನ್ಸಾರ್ ಕತ್ತರಿಗೆ ಸಿಗುವ ಭಯ, ಅದಕ್ಕೇ ಟೊಮೆಟೊ. ಹಾಗೆಯೇ ಭದ್ರತೆಯ ಹೊಣೆ ಹೊತ್ತಿದ್ದ ಝೌ ಯೋಂಗ್‌ಕಾಂಗ್‌ಗೆ 'ಕಾಂಗ್‌ಶಿಫು' ಎಂಬ ನೂಡಲ್ಸ್ ಬ್ರ್ಯಾಂಡಿನ ಹೆಸರು ಅಂಟಿತು. ಶ್ಲೇಷೆಯನ್ನು ಅಲಂಕಾರವೆಂದು ಶಾಲೆಯಲ್ಲಿ ಕಲಿತ ನಮಗೆ, ಅದು ಸುದ್ದಿ ಸಾಗಿಸುವ ಬಂಡಿಯೂ ಆಗಬಹುದೆಂದು ಹೊಳೆಯುವುದು ಕಷ್ಟ.

ಹಗರಣ ಸಣ್ಣದೇನಲ್ಲ. 2011ರ ನವೆಂಬರಿನಲ್ಲಿ ನೀಲ್ ಹೇವುಡ್ ಎಂಬ ಬ್ರಿಟಿಷ್ ವ್ಯಾಪಾರಿ ಚೋಂಗ್‌ಚಿಂಗ್‌ನ ಹೋಟೆಲೊಂದರಲ್ಲಿ ಶವವಾಗಿ ಸಿಕ್ಕಿದ. ಕೊಂದದ್ದು ಬೋನ ಹೆಂಡತಿಯೆಂದು ಮುಂದೆ ನ್ಯಾಯಾಲಯ ತೀರ್ಪಿತ್ತಿತು. 2012ರ ಫೆಬ್ರವರಿಯಲ್ಲಿ ಅದೇ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ವಾಂಗ್ ಲಿಜುನ್ ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟಿಗೆ ಓಡಿಹೋದ. ಆತ 'ರಜೆ ರೂಪದ ಚಿಕಿತ್ಸೆ'ಯಲ್ಲಿದ್ದಾನೆಂದು ನಗರಾಡಳಿತ ಪ್ರಕಟಿಸಿದಾಗ ಜನ ಬಿದ್ದು ಬಿದ್ದು ನಕ್ಕರು. ಮಾರ್ಚ್ 15ರಂದು ಬೋ ಹುದ್ದೆ ಕಳೆದುಕೊಂಡ. ಬೀಜಿಂಗಿನಲ್ಲಿ ದಂಗೆಯೆದ್ದಿದೆ ಎಂಬ ವದಂತಿ ಹಬ್ಬಿತು. ಆ ತಿಂಗಳ ಕೊನೆಗೆ ಸೀನಾ ಮತ್ತು ಟೆನ್ಸೆಂಟ್ ಕಂಪನಿಗಳ, ಟ್ವಿಟರಿನಂಥ ವೈಬೋ ತಾಣಗಳು ಮೂರು ದಿನ ಕಾಮೆಂಟ್ ಸೌಲಭ್ಯವನ್ನೇ ನಿಲ್ಲಿಸಿದವು.

ಚೀನಾದ ಸೆನ್ಸಾರ್ ಎಂದೊಡನೆ ನಾವು ದೇಶದ ಗಡಿಯಲ್ಲಿ ಅಂತರ್ಜಾಲವನ್ನು ಸೋಸುವ ಗೋಡೆಯನ್ನು ನೆನೆಯುತ್ತೇವೆ. ಗೋಡೆ ಇರುವುದು ನಿಜ, ಆದರೆ ಅದು ಕೆಲಸ ಮಾಡುವ ರೀತಿ ವಿಚಿತ್ರ. ಹಾದುಹೋಗುವ ಪ್ಯಾಕೆಟ್ಟಿನಲ್ಲಿ, ಅಂದರೆ ಮಾಹಿತಿಯ ಸಣ್ಣ ತುಣುಕಿನಲ್ಲಿ, ನಿಷಿದ್ಧ ಪದ ಕಂಡರೆ ಅದನ್ನು ಹಿಡಿದಿಡುವುದಿಲ್ಲ. 'ಮಾತು ಮುಗಿಯಿತು, ಫೋನಿಡಿ' ಎಂಬಂಥ ಸುಳ್ಳು ಸಂದೇಶವನ್ನು ಎರಡೂ ಕಡೆಗೆ ಕಳಿಸುತ್ತದೆ. ಎರಡೂ ಕಂಪ್ಯೂಟರುಗಳು ಆ ಸಂದೇಶವನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಮಾತು ಮುಂದುವರಿಯುತ್ತದೆಂದು 2006ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದ್ದರು. ತಾಣಗಳು ಮಾತನ್ನು ಗುಟ್ಟಿನ ಸಂಕೇತವಾಗಿ ಬದಲಿಸುವ ಗೂಢಲಿಪೀಕರಣಕ್ಕೆ ಹೊರಳಿದ ಮೇಲೆ ಒಳಗಿನ ಪದ ಗೋಡೆಗೆ ಕಾಣದಾಯಿತು. ಆಗ ಉಳಿದದ್ದು ಇಡೀ ತಾಣವನ್ನೇ ಮುಚ್ಚುವ ದಾರಿ.

ಆದರೆ ಟೊಮೆಟೊ ಮಾತು ಗಡಿ ದಾಟಲೇ ಇಲ್ಲ. ಅದು ದೇಶದೊಳಗಿನ ಕಂಪನಿಯ ಸರ್ವರಿನಲ್ಲಿತ್ತು, ಅಲ್ಲಿ ಕತ್ತರಿ ಹಿಡಿದದ್ದೂ ಕಂಪನಿಯೇ. ಬಳಕೆದಾರ ಬರೆದದ್ದಕ್ಕೆ ಕಂಪನಿ ಹೊಣೆ. ತಪ್ಪಿದರೆ ಪರವಾನಗಿಗೇ ಕುತ್ತು. ಹೀಗಿರುವಾಗ ಮೇಲಿನವರು ಪ್ರತಿಯೊಂದಕ್ಕೂ ಆದೇಶ ಕೊಡಬೇಕಿಲ್ಲ. ಏನು ಹಿಡಿಸದೆಂದು ಕಂಪನಿಯೇ ಊಹಿಸುತ್ತದೆ, ಭಯಕ್ಕೆ ಒಂದು ಹಿಡಿ ಹೆಚ್ಚೇ ಅಳಿಸುತ್ತದೆ.

ಅಳಿಸಿದ್ದನ್ನು ಅಳೆಯುವುದು ಹೇಗೆ? 2012ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳ ತಂಡವೊಂದು ಆಗಾಗ ಕತ್ತರಿಗೆ ಸಿಗುವ ಸುಮಾರು 3,500 ವೈಬೋ ಬಳಕೆದಾರರ ಪುಟಗಳನ್ನು ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ನೋಡುತ್ತಾ ಕೂತಿತು. ಅವರಿಗೆ ದಾರಿ ತೋರಿದ್ದು ಒಂದು ಸಣ್ಣ ಅಜಾಗರೂಕತೆ. ಬರೆದವರೇ ಪೋಸ್ಟ್ ತೆಗೆದರೆ 'ಇಂಥ ಪೋಸ್ಟ್ ಇಲ್ಲ' ಎನ್ನುತ್ತಿದ್ದ ವ್ಯವಸ್ಥೆ, ಸೆನ್ಸಾರ್ ತೆಗೆದಾಗ 'ಅನುಮತಿ ಇಲ್ಲ' ಎನ್ನುತ್ತಿತ್ತು! ಅಷ್ಟು ಸಾಕಾಯಿತು. ಸುಮಾರು 30 ಪ್ರತಿಶತ ಅಳಿಸುವಿಕೆ ಪೋಸ್ಟ್ ಹಾಕಿದ 5ರಿಂದ 30 ನಿಮಿಷಗಳೊಳಗೆ, ಸುಮಾರು 90 ಪ್ರತಿಶತ ಒಂದು ದಿನದೊಳಗೆ ಮುಗಿಯುತ್ತಿತ್ತು. ಇನ್ನು ಕೆಲವು ಪೋಸ್ಟುಗಳ ಕಥೆ ಬೇರೆ: ಬರೆದವನಿಗೆ ಮಾತ್ರ ಕಾಣಿಸುತ್ತವೆ, ಮಿಕ್ಕವರಿಗಿಲ್ಲ. ಖಾಲಿ ಮನೆಯಲ್ಲಿ ಭಾಷಣ ಬಿಗಿದಂತೆ. ಖಾಲಿ ಎಂದು ಭಾಷಣಕಾರನಿಗೆ ಗೊತ್ತಿಲ್ಲ. ನನ್ನನ್ನು ಕೇಳಿದರೆ, ಅಳಿಸುವುದಕ್ಕಿಂತ ಇದೇ ಹೆಚ್ಚು ಕ್ರೂರ.

ಹಾರ್ವರ್ಡಿನ ಗ್ಯಾರಿ ಕಿಂಗ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚೀನಾದ ನೂರು ತಾಣಗಳಲ್ಲಿ ತಾವೇ ಪೋಸ್ಟ್ ಹಾಕಿಸಿ ಯಾವುದು ಉಳಿಯುತ್ತದೆಂದು ನೋಡಿದರು. ಅದು ಸಾಲದೆಂದು ಚೀನಾದೊಳಗೆ ತಮ್ಮದೇ ಒಂದು ತಾಣ ಕಟ್ಟಿದರು. ಅದರ ತಂತ್ರಾಂಶದ ಜೊತೆಗೇ ಸೆನ್ಸಾರ್ ಸಲಕರಣೆಯೂ ಬಂತು, ಬಳಸುವುದು ಹೇಗೆಂದು ಸಹಾಯವಾಣಿಯವರು ತಾಳ್ಮೆಯಿಂದ ವಿವರಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ಎಣಿಕೆಯನ್ನು ತಲೆಕೆಳಗು ಮಾಡಿತು: ನಾಯಕರನ್ನು, ನೀತಿಗಳನ್ನು ಬೈದ ಪೋಸ್ಟುಗಳು ಎಷ್ಟೋ ಉಳಿದುಕೊಂಡವು; ಜನ ಬೀದಿಯಲ್ಲಿ ಸೇರುವ ಘಟನೆಗಳ ಬಗೆಗಿನವು, ಸರ್ಕಾರದ ಪರವಾಗಿದ್ದರೂ, ಅಳಿಸಿಹೋದವು. ಹೆದರಿಕೆ ಬೈಗುಳಕ್ಕಲ್ಲ, ಗುಂಪಿಗೆ.

ಹಗರಣ ಅಪಾಯಕಾರಿಯಾಗುವುದೂ ಇಲ್ಲಿಯೇ ಎಂದು ನನಗನ್ನಿಸುತ್ತದೆ. ಚೋಂಗ್‌ಚಿಂಗ್‌ನಲ್ಲೊಬ್ಬ, ಬೀಜಿಂಗಿನಲ್ಲೊಬ್ಬ ಬೇರೆ ಬೇರೆ ಸಿಟ್ಟಾದರೆ ಏನೂ ಆಗದು. ಇಬ್ಬರೂ ಒಂದೇ ಟೊಮೆಟೊ ಜೋಕಿಗೆ ನಕ್ಕರೆ, ತಾನೊಬ್ಬನೇ ಅಲ್ಲ ಎಂದು ಇಬ್ಬರಿಗೂ ತಿಳಿಯುತ್ತದೆ. ಕತ್ತರಿ ಚಾಪೆ ಕೆಳಗೆ ತೂರಿದರೆ ಜೋಕು ರಂಗೋಲಿ ಕೆಳಗೆ ತೂರುತ್ತದೆ. ಪದಪಟ್ಟಿ ಹಿಡಿದ ಯಂತ್ರ ತರಕಾರಿಯನ್ನು ನಿಷೇಧಿಸಿದರೆ ನಿಜವಾದ ಅಡುಗೆ ಮಾತೂ ನಿಂತೀತು, ಬಿಟ್ಟರೆ ಬೋ ಮಾತು ಹರಿದೀತು. ಆದ್ದರಿಂದಲೇ ಎಷ್ಟು ಗಣಕ ಬುದ್ಧಿ ಬಂದರೂ ಕೊನೆಗೆ ಮನುಷ್ಯರೇ ಪಾಳಿಯಲ್ಲಿ ಕೂತು ಓದಬೇಕಾಯಿತು.

2013ರ ಆಗಸ್ಟಿನಲ್ಲಿ ಬೋ ವಿಚಾರಣೆ ಜಿನಾನ್ ನಗರದ ನ್ಯಾಯಾಲಯದಲ್ಲಿ ನಡೆದಾಗ, ಕಲಾಪದ ವಿವರಗಳನ್ನು ನ್ಯಾಯಾಲಯವೇ ಗಳಿಗೆಗಳಿಗೆಗೂ ಹಂಚಿತು. ಹಂಚಿದ್ದು ಅದೇ ವೈಬೋದಲ್ಲಿ. ಕೋರ್ಟಿನಲ್ಲಿ ಆಡಿದ್ದೆಲ್ಲ ಅದರಲ್ಲಿ ಬರಲಿಲ್ಲವೆಂದು ವಿದೇಶೀ ಪತ್ರಕರ್ತರು ಬರೆದರು.