ಬಿಗಿಯಾಗಿ ಕಟ್ಟಿದರೆ ಕಾಲೇ ಹೋಗುತ್ತಾ?

"ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟಿದರೆ ಆಮೇಲೆ ಕಾಲನ್ನೇ ತೆಗೆಯಬೇಕಾಗುತ್ತಂತೆ, ಹೌದಾ ಸಾರ್?"

ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು ಅಂತ ಗೊತ್ತಾದರೆ ಮದುವೆ ಮನೆಯಲ್ಲೂ ಬಿಡುವುದಿಲ್ಲ. ಇನ್ನೊಂದು ಸಲ ಹೇಳುತ್ತೇನೆ: ಇಲ್ಲ.

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸುವ ಈ ಬಿಗಿ ಕಟ್ಟು, ಕಟ್ಟಿಸಿಕೊಂಡ ಸೈನಿಕ ಕಂದಕದ ಕೆಸರಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿದ್ದ, ಸ್ಟ್ರೆಚರ್ ಬರುವ ಹೊತ್ತಿಗೆ ಕಾಲು ಸತ್ತಿರುತ್ತಿತ್ತು. ತಡವಾಗಿದ್ದು ಸಾಗಾಟ, ಕೆಟ್ಟ ಹೆಸರು ಬಂದಿದ್ದು ಕಟ್ಟಿಗೆ. ಆಮೇಲೆ ಎಷ್ಟೋ ವರ್ಷ ಫಸ್ಟ್ ಏಡ್ ಪಾಠದಲ್ಲಿ ಅದನ್ನು ಕೊನೆಯ ಉಪಾಯ ಅಂತಲೇ ಕಲಿಸಿದರು. 2006ರಲ್ಲಿ ಬಾಗ್ದಾದಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಲೆಕ್ಕ ಇಟ್ಟು ನೋಡಿದರು. ಶಾಕ್‌ಗೆ (ರಕ್ತ ಹೋಗಿ ಬಿಪಿ ಕುಸಿಯುವ ಸ್ಥಿತಿಗೆ) ಹೋಗುವ ಮೊದಲೇ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 90 ಮಂದಿ ಬದುಕಿದರು, ಶಾಕ್ ಆದ ಮೇಲೆ ಕಟ್ಟಿಸಿಕೊಂಡವರಲ್ಲಿ 10 ಮಂದಿ. ಕಟ್ಟಿನಿಂದಲೇ ಕೈಕಾಲು ಕಳೆದುಕೊಂಡವರು? ಒಬ್ಬರೂ ಇಲ್ಲ.

ಅಷ್ಟು ದೂರ ಯಾಕೆ, ಮಂಡಿ ಆಪರೇಷನ್ ಮಾಡುವ ಮೂಳೆ ಡಾಕ್ಟರು ತೊಡೆಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಒಂದೂವರೆ ಗಂಟೆ ರಕ್ತ ನಿಲ್ಲಿಸಿಯೇ ಕೆಲಸ ಮಾಡುವುದುಂಟು. ಅವರ ಪೇಷಂಟುಗಳೆಲ್ಲ ನಡೆದುಕೊಂಡೇ ಮನೆಗೆ ಬರುತ್ತಾರೆ ಅಲ್ವಾ?

ಎರಡು ಗಂಟೆ ತನಕ ಚಿಂತೆ ಬೇಡ. ಆದರೆ ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ನಿಮಗಿರುವುದು ಕೆಲವೇ ನಿಮಿಷ. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಕಟ್ಟಿ, ಸಣ್ಣ ಗಾಯಕ್ಕೆ ಒತ್ತಿ ಹಿಡಿದರೆ ಸಾಕು. ಅಗಲದ ಬಟ್ಟೆ ಬೇಕು, ತಂತಿ, ಸಪೂರ ಹಗ್ಗ ಬೇಡ. ಗಾಯದಿಂದ ನಾಲ್ಕು ಬೆರಳು ಮೇಲೆ, ಮಂಡಿ ಮೊಣಕೈ ಬಿಟ್ಟು, ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಗಿಸಿ. ಟೈಮು ಬರೆದಿಡಿ. ಮಧ್ಯೆ ಸಡಿಲಿಸಬೇಡಿ! ಒಮ್ಮೆ ವೀಡ್ ಕಟರ್ ಬ್ಲೇಡ್ ತಾಗಿದ ಹುಡುಗನಿಗೆ ನಾನೇ ಕಟ್ಟಿ ಜೀಪು ಹತ್ತಿಸಿದ್ದೆ. ಪಾಪ ನೋಯುತ್ತದೆ ಅಂತ ಅವನ ಅಣ್ಣ ದಾರಿಯಲ್ಲಿ ಗಂಟು ಬಿಚ್ಚಿದ. ಸೀಟಿನ ಸ್ಪಂಜು ಹಿಂಡಿದರೆ ರಕ್ತ ಬರುತ್ತಿತ್ತು. ಹುಡುಗ ಉಳಿದ, ಅದು ಅವನ ಪುಣ್ಯ.

ತಮಾಷೆ ಏನು ಗೊತ್ತಾ, ಹೀಗೆ ಹೆದರುವವರೇ ಹಾವು ಕಚ್ಚಿದರೆ ಮಾತ್ರ ಮೊದಲು ಹಗ್ಗ ಹುಡುಕುತ್ತಾರೆ. ಅಲ್ಲಿ ಕಟ್ಟಲೇಬಾರದು. ಕೊಳಕುಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತದೆ, ಕಟ್ಟಿದರೆ ಅದೆಲ್ಲ ಒಂದೇ ಕಡೆ ನಿಲ್ಲುತ್ತದೆ. ಮೂಳೆ ಮುರಿದವರಿಗೆ ಮಾಡುವ ಹಾಗೆ ಕಾಲು ಅಲುಗದಂತೆ ಹಲಗೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ. ಹಾವನ್ನು ಹೊಡೆದು ಕವರಿನಲ್ಲಿ ತರುವುದೂ ಬೇಡ. ನಮ್ಮಲ್ಲಿ ಮುಖ್ಯವಾದ ನಾಲ್ಕು ಜಾತಿ ವಿಷದ ಹಾವಿಗೂ ಕೊಡುವುದು ಒಂದೇ ಇಂಜೆಕ್ಷನ್.