ಪ್ಯಾಟ್ ಟೆಸ್ಟ್ ಟಿಪ್ಪಣಿ: ಇಂಗ್ಲೆಂಡಿನ ಶಾಲಾ ಲ್ಯಾಬ್‌ಗೆ ಸೇರುತ್ತಿರುವವರಿಗೆ

ಇಂಗ್ಲೆಂಡಿನ ಶಾಲೆಗಳಲ್ಲಿ ಸೈನ್ಸ್ ಟೆಕ್ನಿಷಿಯನ್ ಕೆಲಸಕ್ಕೆ ಸೇರುತ್ತಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಬಿಎಸ್ಸಿ ಓದಿ ಬಂದವರಿಗೆ ಓಮ್ ನಿಯಮ ಹೊಸದೇನಲ್ಲ. ಆದರೆ ಒಂದು ಹಾಟ್‌ಪ್ಲೇಟ್ ಮುಂದಿಟ್ಟು, ಇದನ್ನು ಮಕ್ಕಳ ಕೈಗೆ ಕೊಡಬಹುದಾ ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು? ಪ್ಯಾಟ್ ಅಂದರೆ ಪೋರ್ಟಬಲ್ ಅಪ್ಲಯನ್ಸ್ ಟೆಸ್ಟಿಂಗ್. ಪ್ಲಗ್ ಹಾಕಿ ಬಳಸುವ ಉಪಕರಣಗಳನ್ನು ಆಗಾಗ ಪರೀಕ್ಷಿಸುವ ಕೆಲಸ.

ಕಾನೂನಿನ ಭಾಗ ಚಿಕ್ಕದು. 1989ರ ಎಲೆಕ್ಟ್ರಿಸಿಟಿ ಅಟ್ ವರ್ಕ್ ನಿಯಮಗಳು ಕೇಳುವುದು ಇಷ್ಟೇ: ಅಪಾಯ ಆಗದ ಹಾಗೆ ಉಪಕರಣಗಳನ್ನು ಸರಿಯಾಗಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಟೆಸ್ಟ್ ಮಾಡಲೇಬೇಕು, ಸ್ಟಿಕ್ಕರ್ ಅಂಟಿಸಲೇಬೇಕು ಅಂತ ಅದರಲ್ಲಿ ಇಲ್ಲ. ಅದು ರೂಢಿ, ಅಷ್ಟೇ. ಮೂಲೆಯಲ್ಲಿ ನಿಂತಲ್ಲೇ ನಿಂತ ಫ್ರಿಜ್‌ಗೂ, ಟ್ರಾಲಿಯಲ್ಲಿ ದಿನವಿಡೀ ಒಂದು ಕ್ಲಾಸಿಂದ ಇನ್ನೊಂದಕ್ಕೆ ಓಡಾಡುವ ಪವರ್ ಪ್ಯಾಕ್‌ಗೂ ಒಂದೇ ಅವಧಿ ಯಾಕೆ? ಅದನ್ನು ಶಾಲೆಯೇ ಯೋಚಿಸಿ ತೀರ್ಮಾನಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೀಟರ್ ಕೈಗೆತ್ತಿಕೊಳ್ಳುವ ಮೊದಲು ಕಣ್ಣಿಗೆ ಕೆಲಸ ಕೊಡಿ. ಹೆಚ್ಚಿನ ದೋಷಗಳು ನೋಡಿದರೇ ಸಿಗುತ್ತವೆ ಅಂತ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಕೂಡ ಹೇಳುತ್ತದೆ. ವೈರನ್ನು ಉದ್ದಕ್ಕೂ ಬೆರಳ ನಡುವೆ ಎಳೆದು ನೋಡಿ. ಹಾಟ್‌ಪ್ಲೇಟಿಗೆ ತಾಗಿ ಕರಗಿದ ಜಾಗ, ಬನ್ಸೆನ್ ಬರ್ನರ್ ಸುಟ್ಟ ಕಲೆ, ಟೇಪ್ ಸುತ್ತಿ ಮುಚ್ಚಿಟ್ಟ ಗಾಯ ಎಲ್ಲವೂ ಕೈಗೆ ಸಿಗುತ್ತವೆ. ಆಮೇಲೆ ಪ್ಲಗ್ ಬಿಚ್ಚಿ. ಬ್ರೌನ್ ಲೈವ್‌ಗೆ, ನೀಲಿ ನ್ಯೂಟ್ರಲ್‌ಗೆ, ಹಸಿರು-ಹಳದಿ ಅರ್ಥ್‌ಗೆ. ಕೆಂಪು, ಕಪ್ಪು, ಹಸಿರು ನೋಡಿ ಬೆಳೆದ ಕಣ್ಣಿಗೆ ಇದು ಅಭ್ಯಾಸ ಆಗಬೇಕು. ಒಳಗಿರುವ ಕ್ಲಾಂಪ್ ಹೊರಗಿನ ದಪ್ಪ ಕವಚವನ್ನೇ ಹಿಡಿದಿರಬೇಕು, ಒಳಗಿನ ಬಣ್ಣದ ವೈರುಗಳನ್ನಲ್ಲ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟಿರಬೇಕು. ಯಾರೋ ಕಾಲು ಸಿಕ್ಕಿಸಿಕೊಂಡು ವೈರ್ ಎಳೆದರೆ ಲೈವ್ ಮೊದಲು ಕಿತ್ತುಬರಲಿ, ಅರ್ಥ್ ಕೊನೆಗೆ ಬರಲಿ ಅನ್ನೋದು ಇದರ ಉದ್ದೇಶ.

ಫ್ಯೂಸ್ ವಿಷಯ ನಮ್ಮವರಿಗೆ ಹೊಸದು, ಯಾಕಂದರೆ ನಮ್ಮೂರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಫ್ಯೂಸ್ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದು ರಿಂಗ್ ಸರ್ಕ್ಯೂಟಿಗೆ (ಹಲವು ಸಾಕೆಟ್‌ಗಳನ್ನು ಉಂಗುರದ ಹಾಗೆ ಜೋಡಿಸುವ ವೈರಿಂಗ್) ಸಾಮಾನ್ಯವಾಗಿ 32 ಆಂಪಿಯರ್ ಬ್ರೇಕರ್ ಇರುತ್ತದೆ. ಅದು ಬೀಳುವಷ್ಟು ಕರೆಂಟ್ ಹರಿಯುವ ಹೊತ್ತಿಗೆ ನಿಮ್ಮ ಉಪಕರಣದ ತೆಳು ವೈರ್ ಸುಟ್ಟೇ ಹೋಗಿರಬಹುದು. ಹಾಗಾಗಿ ಪ್ಲಗ್ಗಿನೊಳಗಿನ ಫ್ಯೂಸ್ ಕಾಪಾಡುವುದು ಆ ವೈರನ್ನು. ಲೆಕ್ಕ ಸುಲಭ: 230 ವೋಲ್ಟ್ ಗುಣಿಸು 3 ಆಂಪಿಯರ್ ಅಂದರೆ 690 ವ್ಯಾಟ್. ಸುಮಾರು 700 ವ್ಯಾಟ್ ಒಳಗಿದ್ದರೆ 3 ಆಂಪಿಯರ್, ಮೇಲಿದ್ದರೆ 13. ತಯಾರಕರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯುತ್ತದೆ. ಒಂದು ಮೈಕ್ರೋಸ್ಕೋಪ್ ದೀಪದ ಪ್ಲಗ್ಗಿನಲ್ಲಿ 13ರ ಫ್ಯೂಸ್ ಕೂತಿದ್ದರೆ ಯಾವ ಮೀಟರೂ ಅದನ್ನು ತೋರಿಸುವುದಿಲ್ಲ, ಬಿಚ್ಚಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಮೀಟರ್. ಕ್ಲಾಸ್ 1 ಅಂದರೆ ಮೈ ಲೋಹದ್ದು, ಅರ್ಥ್ ಬೇಕೇ ಬೇಕು. ಕ್ಲಾಸ್ 2ಕ್ಕೆ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ, ಎರಡು ಪದರ ಇನ್ಸುಲೇಷನ್, ಅರ್ಥ್ ಬೇಡ.

ಅರ್ಥ್ ಟೆಸ್ಟ್ ಕ್ಲಾಸ್ 1ಕ್ಕೆ. ಪ್ಲಗ್ಗಿನ ಅರ್ಥ್ ಪಿನ್ನಿಂದ ಉಪಕರಣದ ಮೈವರೆಗಿನ ರೆಸಿಸ್ಟೆನ್ಸ್ 0.1 ಓಮ್ ಜೊತೆಗೆ ವೈರಿನದ್ದು ಸೇರಿಸಿದಷ್ಟರ ಒಳಗೆ ಇರಬೇಕು. 0.75 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.026 ಓಮ್. 2 ಮೀಟರ್ ವೈರಾದರೆ 0.05, ಒಟ್ಟು ಮಿತಿ 0.15. ಪೇಂಟ್ ಮೇಲೆ ಕ್ಲಿಪ್ ಹಾಕಿದರೆ ಒಳ್ಳೆಯ ಉಪಕರಣವೂ ಫೇಲ್ ಆಗುತ್ತದೆ, ಬರಿಯ ಲೋಹ ಹುಡುಕಿ. ಅಳೆಯುವಾಗ ವೈರನ್ನು ಎರಡೂ ತುದಿಯಲ್ಲಿ ಬಗ್ಗಿಸಿ ನೋಡಿ. ಅಂಕಿ ಕುಣಿದರೆ ಒಳಗೆ ಎಳೆಗಳು ತುಂಡಾಗಿವೆ ಅಂತ ಅನುಮಾನಪಡಿ.

ಇನ್ಸುಲೇಷನ್ ಟೆಸ್ಟಿನಲ್ಲಿ ಲೈವ್ ಮತ್ತು ನ್ಯೂಟ್ರಲ್ ಸೇರಿಸಿ, ಅವಕ್ಕೂ ಅರ್ಥ್‌ಗೂ (ಅರ್ಥ್ ಇಲ್ಲದ ಕ್ಲಾಸ್ 2 ಆದರೆ ಉಪಕರಣದ ಮೈಗೂ) ನಡುವೆ 500 ವೋಲ್ಟ್ ಡಿಸಿ ಕೊಡುತ್ತಾರೆ. ಕ್ಲಾಸ್ 1ಕ್ಕೆ ಕನಿಷ್ಠ 1 ಮೆಗಾಓಮ್, ಕ್ಲಾಸ್ 2ಕ್ಕೆ 2. ಉಪಕರಣದ ಸ್ವಿಚ್ ಆನ್ ಇರಬೇಕು, ಇಲ್ಲದಿದ್ದರೆ ನೀವು ಸ್ವಿಚ್‌ವರೆಗಿನ ವೈರನ್ನಷ್ಟೇ ಟೆಸ್ಟ್ ಮಾಡಿ ಪಾಸ್ ಅಂತ ಬರೆದಿರುತ್ತೀರಿ. ರಜೆಯಿಡೀ ಸುಮ್ನೆ ನಿಂತಿದ್ದ ವಾಟರ್ ಬಾತ್, ಓವನ್‌ಗಳಲ್ಲಿ ಅಂಕಿ ಕಡಿಮೆ ಬರಬಹುದು. ಹೀಟರ್ ಕಾಯಿಲಿನ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ತೇವ ಹೀರಿಕೊಳ್ಳುತ್ತದೆ. ಅರ್ಥ್ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು, ಮಕ್ಕಳಿಲ್ಲದಾಗ ಸ್ವಲ್ಪ ಹೊತ್ತು ಬಿಸಿ ಮಾಡಿ ಮತ್ತೆ ಅಳೆಯಿರಿ.

ನನಗೆ ಜಾಸ್ತಿ ಕಾಳಜಿ ಇರುವುದು ಇದರ ಬಗ್ಗೆ: ಈ ಎರಡು ಟೆಸ್ಟೂ ಮೇನ್ಸ್ ಕಡೆಯದ್ದು, ಅಂದರೆ ಗೋಡೆಯ ಸಾಕೆಟ್ಟಿನಿಂದ ಕರೆಂಟ್ ಬರುವ ಕಡೆಯದ್ದು. ಹೊರಗಿನಿಂದ ಬರುವ ಕಾಂಟ್ರಾಕ್ಟರ್ ಕೆಟಲ್, ಕಂಪ್ಯೂಟರ್ ನೋಡಿದ ಹಾಗೇ ಫಿಸಿಕ್ಸ್ ಕಪಾಟಿನ ಎಚ್‌ಟಿ (ಹೈ ಟೆನ್ಷನ್, ಅಂದರೆ ಹೆಚ್ಚು ವೋಲ್ಟ್ ಕೊಡುವ) ಸಪ್ಲೈ ನೋಡಿ ಪಾಸ್ ಸ್ಟಿಕ್ಕರ್ ಅಂಟಿಸಿ ಹೋಗಬಹುದು. ಅದರ ಔಟ್‌ಪುಟ್ಟಿನಲ್ಲಿ 300 ವೋಲ್ಟ್ ಇರುತ್ತದೆ, ಹತ್ತಾರು ಮಿಲಿಆಂಪಿಯರ್ ಕೊಡುವ ಶಕ್ತಿಯೂ ಇರುತ್ತದೆ, ಜೀವ ತೆಗೆಯಲು ಅಷ್ಟು ಸಾಕು. ಪಕ್ಕದಲ್ಲಿರುವ 5000 ವೋಲ್ಟಿನ ಇಎಚ್‌ಟಿ (ಎಕ್ಸ್‌ಟ್ರಾ ಹೈ ಟೆನ್ಷನ್) ಸಪ್ಲೈ ನೋಡಿದರೆ ಎಲ್ಲರೂ ಹೆದರುತ್ತಾರೆ, ಆದರೆ ಶಾಲೆಯ ಇಎಚ್‌ಟಿಯಲ್ಲಿ ಕರೆಂಟನ್ನು 5 ಮಿಲಿಆಂಪಿಯರ್ ಮೀರದ ಹಾಗೆ ಕಟ್ಟಿಹಾಕಿರುತ್ತಾರೆ. ಅದಕ್ಕಿಂತ ಎಚ್‌ಟಿಯೇ ಅಪಾಯ. 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟ್ ಅರ್ಥ್‌ಗೆ ಸೋರಿದರೆ ಸಪ್ಲೈ ಕಡಿದುಹಾಕುವ ಸ್ವಿಚ್) ಇದೆಯಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಆಚೆ ಇದೆ, ಅಲ್ಲಿ ಎರಡು ಟರ್ಮಿನಲ್ ಮುಟ್ಟಿದವರಿಗೆ ಏನಾಯಿತು ಅನ್ನೋದು ಆರ್‌ಸಿಡಿಗೆ ತಿಳಿಯುವುದೇ ಇಲ್ಲ. ಇದಕ್ಕೆ ಬೇಕಾದದ್ದು ಲೋಹ ಕಾಣದ ಹಾಗೆ ಪೂರ್ತಿ ಮುಚ್ಚಿದ 4 ಮಿಲಿಮೀಟರ್ ಪ್ಲಗ್ಗಿನ ಲೀಡುಗಳು, ಮತ್ತು ಸಪ್ಲೈ ಆಫ್ ಮಾಡದೆ ಲೀಡ್ ಮುಟ್ಟದ ಅಭ್ಯಾಸ. ಸಂದೇಹ ಇದ್ದರೆ ಶಾಲಾ ವಿಜ್ಞಾನಕ್ಕೆ ಸಲಹೆ ಕೊಡುವ ಕ್ಲೀಪ್ಸ್ ಸಂಸ್ಥೆ ಇದೆ, ಕೇಳಿ.

ಪುಸ್ತಕದಲ್ಲಿ ಪಾಸ್, ಫೇಲ್ ಅಂತ ಮಾತ್ರ ಬರೆಯಬೇಡಿ, ಅಂಕಿಯನ್ನೂ ಬರೆಯಿರಿ. ಹೋದ ಸಲ 200 ಮೆಗಾಓಮ್ ಇದ್ದದ್ದು ಈ ಸಲ 20, ಮುಂದಿನ ಸಲ 3 ಅಂತ ಬಂದರೆ ಮೂರು ಸಲವೂ ಪಾಸ್ ಆಗಿರುತ್ತದೆ. ಆದರೂ ಅದನ್ನು ಕ್ಲಾಸಿಗೆ ಕಳಿಸದೆ, ಬಿಚ್ಚಿ ನೋಡಬೇಕು.