ಸೋನಾರ್ ಮತ್ತು ಧ್ರುವದ ಕಡಲತಳ: ಥ್ವೇಟ್ಸ್ ಹಿಮನದಿಯ ಉದಾಹರಣೆ

ಮೊದಲು ಲೆಕ್ಕ ನೋಡೋಣ. ಸದ್ದಿನಿಂದ ಕಡಲಿನ ಆಳ ಅಳೆಯುವ ಸಾಧನವೇ ಸೋನಾರ್. ಅದು ಬಿಟ್ಟ ಸದ್ದು ತಳಕ್ಕೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದ ಅರ್ಧವನ್ನು ಸದ್ದಿನ ವೇಗದಿಂದ ಗುಣಿಸಿದರೆ ಆಳ ಸಿಕ್ಕಿತು. ತೊಡಕಿರುವುದು ಆ ವೇಗದಲ್ಲಿ. ಪಠ್ಯಪುಸ್ತಕದಲ್ಲಿ ಸೆಕೆಂಡಿಗೆ 1500 ಮೀಟರ್ ಎಂದಿರುತ್ತದೆ. ಅಂಟಾರ್ಕ್ಟಿಕಾದ ತಣ್ಣೀರಿನಲ್ಲಿ ಅದು ಸುಮಾರು 1450. ಸದ್ದು 1 ಸೆಕೆಂಡಿನಲ್ಲಿ ಹೋಗಿ ಬಂತು ಅಂದುಕೊಳ್ಳಿ. ನಿಜವಾದ ಆಳ 725 ಮೀಟರ್, ಸುಮ್ನೆ 1500 ಹಾಕಿದರೆ 750. 25 ಮೀಟರ್ ತಪ್ಪು!

ಅಲ್ಲಿನ ನೀರು ಪದರ ಪದರವಾಗಿಯೂ ಇರುತ್ತದೆ. ಮೇಲೆ ಕರಗಿದ ಹಿಮ ಬೆರೆತ ತಣ್ಣೀರು, ಕೆಳಗೆ ಉಪ್ಪು ಜಾಸ್ತಿ ಇರುವ ತುಸು ಬೆಚ್ಚನೆಯ ನೀರು. ಓರೆಯಾಗಿ ಹೋಗುವ ಸದ್ದು ಈ ಪದರಗಳಲ್ಲಿ ಬಾಗುತ್ತದೆ. ಅದಕ್ಕೇ ಸಿಟಿಡಿ (ನೀರಿನ ವಿದ್ಯುತ್ ವಾಹಕತೆ, ಉಷ್ಣತೆ, ಆಳ ಅಳೆಯುವ) ಉಪಕರಣ ಇಳಿಸಿ ಪ್ರತಿ ಆಳದ ಉಷ್ಣತೆ, ಉಪ್ಪು ಮೊದಲೇ ಅಳೆದು ಅಲ್ಲಿನ ಸದ್ದಿನ ವೇಗ ಲೆಕ್ಕ ಹಾಕುತ್ತಾರೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಮಲ್ಟಿಬೀಮ್ ಸೋನಾರ್ ಸದ್ದಿನ ನೂರಾರು ಕಿರಣಗಳನ್ನು ಬೀಸಣಿಗೆಯಂತೆ ಹರಡುತ್ತದೆ. ಕಿರಣದ ಅಗಲ 1 ಡಿಗ್ರಿ ಇದ್ದರೆ, 700 ಮೀಟರ್ ಆಳದಲ್ಲಿ ಅದು ಸುಮಾರು 12 ಮೀಟರ್ ಜಾಗವನ್ನು ಒಂದೇ ಚುಕ್ಕೆಯಾಗಿ ನೋಡುತ್ತದೆ. ಚಿಕ್ಕ ಉಬ್ಬುತಗ್ಗು ಅದರಲ್ಲಿ ಮುಚ್ಚಿಹೋಗುತ್ತವೆ. ಸೋನಾರನ್ನೇ ತಳದಿಂದ 70 ಮೀಟರ್ ಎತ್ತರಕ್ಕೆ ಇಳಿಸಿದರೆ ಆ ಚುಕ್ಕೆ 1.2 ಮೀಟರ್ ಆಗುತ್ತದೆ.

2019ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಎದುರಿನ ಕಡಲಲ್ಲಿ ಮಾಡಿದ್ದು ಇದನ್ನೇ. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ‘ರಾನ್’ ಎಂಬ ಚಾಲಕರಿಲ್ಲದ ಜಲವಾಹನ ತಳದ ಹತ್ತಿರ ಓಡಾಡಿ ನಕ್ಷೆ ಮಾಡಿತು. ಅದರಲ್ಲಿ ಸಮಾನಾಂತರವಾದ 160ಕ್ಕೂ ಹೆಚ್ಚು ದಿಬ್ಬಗಳು ಕಂಡವು. ಒಂದೊಂದರ ಎತ್ತರ ಒಂದು ಮೀಟರ್‌ಗೂ ಕಡಿಮೆ! ಅವು ಮೂಡಿದ್ದು ಹೀಗೆ: ತಳಕ್ಕೆ ತಾಗಿದ ಹಿಮದ ಅಂಚು ಉಬ್ಬರದಲ್ಲಿ ಮೇಲೇಳುತ್ತದೆ, ಇಳಿತದಲ್ಲಿ ಕೂತು ಕೆಸರನ್ನು ಒತ್ತಿ ದಿಬ್ಬ ಮಾಡುತ್ತದೆ. ಮರುದಿನದ ಹೊತ್ತಿಗೆ ಅಂಚು ಹಿಂದೆ ಸರಿದಿರುತ್ತದೆ. ಅಂದರೆ ದಿನಕ್ಕೊಂದು ದಿಬ್ಬ. ಎರಡು ವಾರಕ್ಕೊಮ್ಮೆ ಉಬ್ಬರದ ಜೋರು ಏರಿ ಇಳಿಯುವ ಲಯವೂ ದಿಬ್ಬಗಳ ಎತ್ತರದಲ್ಲಿ ಕಾಣುತ್ತದೆ. ದಿನದ ಗುರುತು ಎಂದು ನಂಬಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಕಡಲತಳ ಅಧ್ಯಯನ ಮಾಡುವ ವಿಜ್ಞಾನಿ ಆಲಸ್ಟೇರ್ ಗ್ರಹಾಂ ಅವರ ತಂಡ 2022ರಲ್ಲಿ ಇದನ್ನು ಪ್ರಕಟಿಸಿತು. ಕಳೆದ 200 ವರ್ಷಗಳಲ್ಲಿ ಯಾವಾಗಲೋ ಒಮ್ಮೆ, ಐದೂವರೆ ತಿಂಗಳ ಕಾಲ, ಹಿಮದ ಅಂಚು ವರ್ಷಕ್ಕೆ 2.1 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹಿಂದೆ ಸರಿದಿತ್ತು. 2011ರಿಂದ 2019ರವರೆಗೆ ಉಪಗ್ರಹಗಳು ಕಂಡ ವೇಗದ ಎರಡು ಪಟ್ಟು ಇದು. 2100 ಮೀಟರನ್ನು 365ರಿಂದ ಭಾಗಿಸಿ ನೋಡಿ: ದಿನಕ್ಕೆ ಸುಮಾರು 6 ಮೀಟರ್. ದಿಬ್ಬದಿಂದ ದಿಬ್ಬಕ್ಕೆ ಸರಾಸರಿ ಅಂತರವೂ ಅಷ್ಟೇ.